ಗಂಗೆ, ನಾಗವಲ್ಲಿ, ಮತ್ತೆ ಆ ಮೂರನೆಯವಳು

ಮೊದಲೇ ಹೇಳಿಬಿಡುತ್ತೇನೆ. ಮಣಿಚಿತ್ರತ್ತಾಳ್ ನೋಡದವರು, ಆಪ್ತಮಿತ್ರವನ್ನೂ ನೋಡದವರು ಯಾರಾದರೂ ಇದ್ದರೆ (ನಿಜವಾಗಿ ಇದ್ದೀರಾ?) ಇಲ್ಲಿಗೇ ನಿಲ್ಲಿಸಿ. ಮುಂದೆ ಕತೆಯ ಗುಟ್ಟೆಲ್ಲ ಬಿಚ್ಚಿ ಹರಡಿದ್ದೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಕಾಸರಗೋಡಿನ ಕನ್ನಡದವರಿಗೆ ಒಂದು ಲಾಭ ಉಂಟು. ಈ ಕತೆ ನಮಗೆ ಎರಡೆರಡು ಸಲ ಸಿಕ್ಕಿದೆ. 1993ರಲ್ಲಿ ಫಾಸಿಲ್ ಮಾಡಿದ ಮಲಯಾಳಂ ಚಿತ್ರ ಒಮ್ಮೆ, 2004ರಲ್ಲಿ ಪಿ. ವಾಸು ಮಾಡಿದ ಕನ್ನಡ ಚಿತ್ರ ಇನ್ನೊಮ್ಮೆ. ಆಮೇಲೆ ತಮಿಳಿನಲ್ಲಿ 2005ರಲ್ಲಿ ಚಂದ್ರಮುಖಿ ಬಂತು, ಹಿಂದಿಯಲ್ಲಿ 2007ರಲ್ಲಿ ಭೂಲ್ ಭುಲಯ್ಯ ಬಂತು. ಹಬ್ಬ ಬಂದರೆ ಸಾಕು, ರಿಮೋಟ್ ಒತ್ತುತ್ತಾ ಹೋದರೆ ಯಾವುದಾದರೂ ಒಂದು ಚಾನೆಲ್‌ನಲ್ಲಿ ಯಾವುದಾದರೂ ಒಂದು ಭಾಷೆಯಲ್ಲಿ ಗೆಜ್ಜೆ ಸದ್ದು ಕೇಳುತ್ತದೆ. ನನ್ನ ಮಟ್ಟಿಗೆ ಮೂಲದ್ದೇ ಮೇಲು. ಅದರಲ್ಲಿ ಗಂಗೆಯಾದ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ನೆ ಅಲ್ಲ. ಕನ್ನಡದಲ್ಲಿ ಅದೇ ಪಾತ್ರವನ್ನು ಸೌಂದರ್ಯ ಮಾಡಿದ್ದನ್ನೂ ನಾನು ಕಡಿಮೆ ಅಂತ ಹೇಳುವುದಿಲ್ಲ. 2004ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡು, ಆಗಸ್ಟ್‌ನಲ್ಲಿ ಚಿತ್ರ ಬಂದಾಗ ಆ ಕೊನೆಯ ಹಾಡನ್ನು ಸರಿಯಾಗಿ ನೋಡಲಿಕ್ಕೇ ಆಗುತ್ತಿರಲಿಲ್ಲ ನಮಗೆ.

ಇಷ್ಟದ ಚಿತ್ರ ಅಂದರೆ ತಪ್ಪು ಹುಡುಕಬಾರದು ಅಂತ ನಮ್ಮ ಮನೆಯಲ್ಲಿ ಇವರ ವಾದ. ನನ್ನದು ಉಲ್ಟಾ. ಇಷ್ಟ ಇಲ್ಲದ ಚಿತ್ರದ ತಪ್ಪು ಹುಡುಕುವುದಕ್ಕೆ ಯಾರಿಗೆ ಪುರುಸೊತ್ತುಂಟು? 2024ರ ಆಗಸ್ಟ್‌ನಲ್ಲಿ ಮಣಿಚಿತ್ರತ್ತಾಳನ್ನು 4ಕೆ ಮಾಡಿ ಮತ್ತೆ ಥಿಯೇಟರಿಗೆ ಬಿಟ್ಟಾಗ ಹೋಗಿ ನೋಡಿದೆವು. ಗುಟ್ಟು ಗೊತ್ತಿದ್ದೂ ದೊಡ್ಡ ಪರದೆಯಲ್ಲಿ ನೋಡುವಾಗ ಕಣ್ಣು ಬೇರೆ ಕಡೆ ಹೋಗುತ್ತದೆ. ಯಾರು ಮಾತಾಡುತ್ತಿದ್ದಾರೋ ಅವರನ್ನು ಬಿಟ್ಟು ಮೂಲೆಯಲ್ಲಿ ನಿಂತ ಗಂಗೆಯನ್ನೇ ನೋಡುತ್ತಾ ಕೂತೆ. ಅಲ್ಲಿಂದ ಶುರುವಾದ ಜಗಳ ಇದು.

ಕತೆ ನೆನಪಿಲ್ಲದವರಿಗೆ ಚುಟುಕಾಗಿ: ನಕುಲನೂ ಹೆಂಡತಿ ಗಂಗೆಯೂ ಕಲ್ಕತ್ತದಿಂದ ಬಂದು ಮಾಡಂಬಳ್ಳಿ ಎಂಬ ಹಳೇ ತರವಾಡಿನಲ್ಲಿ, ಅಂದರೆ ಕುಟುಂಬದ ಹಿರಿಮನೆಯಲ್ಲಿ, ಉಳಿದುಕೊಳ್ಳುತ್ತಾರೆ. ಅಲ್ಲಿ ತೆಕ್ಕಿನಿ ಎಂಬ ಕೋಣೆಗೆ ಬೀಗ. ಹಿಂದೆ ಆ ಮನೆಯ ಕಾರಣವರು (ಯಜಮಾನ) ಶಂಕರನ್ ತಂಬಿ ತಂಜಾವೂರಿನಿಂದ ನಾಗವಲ್ಲಿ ಎಂಬ ನರ್ತಕಿಯನ್ನು ತಂದಿಟ್ಟಿದ್ದನಂತೆ. ಅವಳ ಮನಸ್ಸು ಎದುರು ಮನೆಯ ರಾಮನಾಥನ ಮೇಲೆ. ತಂಬಿ ದುರ್ಗಾಷ್ಟಮಿ ರಾತ್ರಿ ಅವಳನ್ನು ಕೊಂದನಂತೆ. ಬೀಗ ತೆಗೆಸುವವಳು ಗಂಗೆ. ಆಮೇಲೆ ಮನೆಯಲ್ಲಿ ಒಂದೊಂದೇ ಅನಾಹುತ. ಅನುಮಾನ ಎಲ್ಲ ಆ ಮನೆತನದ ಹುಡುಗಿ ಶ್ರೀದೇವಿ ಮೇಲೆ. ಅಮೆರಿಕದಿಂದ ಬಂದ ಮನೋವೈದ್ಯ ಸನ್ನಿ, ಅಂದರೆ ಮೋಹನ್‌ಲಾಲ್, ಕೊನೆಗೆ ಹೇಳುತ್ತಾನೆ: ಪ್ರೇತವೂ ಇಲ್ಲ, ಶ್ರೀದೇವಿಯೂ ಅಲ್ಲ. ಗಂಗೆಯ ಮನಸ್ಸೇ ನಾಗವಲ್ಲಿಯಾಗಿದೆ.

ಅಂದಹಾಗೆ ಆ ಶ್ರೀದೇವಿ ನಮ್ಮ ಉಡುಪಿಯ ವಿನಯಾ ಪ್ರಸಾದ್. ರಾಮನಾಥನಾಗಿ ಕುಣಿದ ಶ್ರೀಧರ್ ಕೂಡ ಕನ್ನಡದವರೇ. ಕೇರಳದವರ ಮನಸ್ಸಿನಲ್ಲಿ ಕೂತ ಚಿತ್ರದಲ್ಲಿ ನಮ್ಮವರು ಇಬ್ಬರು ಅಂತ ನಾವು ಇಲ್ಲಿ ಸ್ವಲ್ಪ ಜಂಬ ಪಡುತ್ತೇವೆ. ಪಡಬೇಕಾದ್ದೇ.

ಸಣ್ಣ ಸಣ್ಣ ತೂತುಗಳನ್ನು ಮೊದಲು ಮುಗಿಸುತ್ತೇನೆ. ಅವುಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಆ ಮನೆ ಒಂದೇ ಮನೆ ಅಲ್ಲ. ಸ್ವಲ್ಪ ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸ್, ಸ್ವಲ್ಪ ಕನ್ಯಾಕುಮಾರಿ ಜಿಲ್ಲೆಯ ಪದ್ಮನಾಭಪುರಂ ಅರಮನೆ. ಒಂದು ಬಾಗಿಲು ದಾಟಿದರೆ ನೀವು 200 ಕಿಲೋಮೀಟರಿಗಿಂತ ಆಚೆ ಹೋಗಿರುತ್ತೀರಿ. ಅದಕ್ಕೇ ಆ ಮನೆಯ ನಕ್ಷೆ ತಲೆಗೆ ಹತ್ತುವುದಿಲ್ಲ, ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ, ಆ ಗೊಂದಲವೇ ಹೆದರಿಕೆಗೆ ಅನುಕೂಲವೂ ಆಗಿದೆ. ಹಾಗೆಯೇ ಚಿತ್ರದ ಸ್ವರ ಅಲ್ಲಲ್ಲಿ ಏರುಪೇರು. ಇನ್ನೊಸೆಂಟ್, ಪಪ್ಪು ಇವರ ತಮಾಷೆ ಒಂದು ಕಡೆ ಎಳೆಯುತ್ತದೆ, ಭಯ ಇನ್ನೊಂದು ಕಡೆ. ಫಾಸಿಲ್ ಜೊತೆ ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್-ಲಾಲ್ ಎಲ್ಲ ಸೇರಿ ಬೇರೆ ಬೇರೆ ಯೂನಿಟ್ ಇಟ್ಟುಕೊಂಡು ಶೂಟ್ ಮಾಡಿದ ಚಿತ್ರ ಅದು. ಇಷ್ಟು ಜನ ಸೇರಿಯೂ ಈ ಮಟ್ಟಕ್ಕೆ ಒಂದಾಗಿ ಬಂತಲ್ಲ ಅಂತ ನನಗೆ ಆಶ್ಚರ್ಯ.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ಗೊತ್ತಿದ್ದೂ ಗೊತ್ತಿದ್ದೂ ಆ ಮನೆಯಲ್ಲಿ ಯಾಕೆ ಇರುತ್ತಾರೆ? ಬೆಂಗಳೂರಿನ ಗೆಳತಿಯರು ಇದನ್ನೇ ಕೇಳುವುದು. ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ. ತರವಾಡು ಬಿಟ್ಟು ಹೋದರೆ ಸಂಜೆ ದೀಪ ಹಚ್ಚುವವರು ಯಾರು ಮಾರಾಯ್ರೆ?

ಭಾಷೆಯ ಪ್ರಶ್ನೆಯೂ ಉಂಟು. ಕಲ್ಕತ್ತದ ಗಂಗೆಗೆ ತಂಜಾವೂರಿನ ತಮಿಳು ಅಷ್ಟು ಸಲೀಸಾಗಿ ಎಲ್ಲಿಂದ ಬಂತು? ಕನ್ನಡದಲ್ಲಾದರೆ ನಾಗವಲ್ಲಿಯ ಬಾಯಲ್ಲಿ ತೆಲುಗು. ಇದು ಕೂಡ ನನಗೆ ಅಷ್ಟು ಕಾಡುವುದಿಲ್ಲ. ನನ್ನ ಅತ್ತೆ ಮನೆಯಲ್ಲಿ ಕನ್ನಡ, ತೋಟದ ಕೆಲಸದವರ ಹತ್ತಿರ ತುಳು, ಬದಿಯಡ್ಕ ಪೇಟೆಯಲ್ಲಿ ಮಲಯಾಳ, ಮನೆ ಬಾಗಿಲಿಗೆ ಬಟ್ಟೆ ಮಾರಲಿಕ್ಕೆ ಬರುವವನ ಹತ್ತಿರ ಒಂದು ಥರದ ಹಿಂದಿ, ಇಷ್ಟನ್ನೂ ಯಾವ ಶಾಲೆಯಲ್ಲೂ ಕಲಿಯದೆ ಮಾತಾಡುತ್ತಾರೆ. ಕಿವಿಗೆ ಬಿದ್ದದ್ದು ಒಳಗೆ ಎಲ್ಲೋ ಕೂತಿರುತ್ತದೆ. ಆದರೆ ಕಿವಿಗೆ ಬೀಳದೇ ಇದ್ದದ್ದು ಕಾಯಿಲೆಯಿಂದ ಬರುವುದಿಲ್ಲ. ಭರತನಾಟ್ಯವೂ ಅಷ್ಟೇ. ಕಲಿಯದ ಅಡವು ಕಾಲಿಗೆ ಬರುವುದಿಲ್ಲ. ಅಲ್ಲಿ ಮಾತ್ರ ಚಿತ್ರ ಒಂದು ಒಳ್ಳೇ ಉಪಾಯ ಮಾಡಿದೆ. ಆ ಕೊನೆಯ ಹಾಡಿನಲ್ಲಿ ಅವಳ ಕಣ್ಣಿಗೆ ಕಾಣುವ ರಾಜಸಭೆ ಒಂದು ಕಡೆ, ಉಳಿದವರ ಕಣ್ಣಿಗೆ ಕಾಣುವ ಮನೆ ಇನ್ನೊಂದು ಕಡೆ, ಎರಡನ್ನೂ ಕತ್ತರಿಸಿ ಜೋಡಿಸಿದ್ದಾರೆ. ಒಡವೆ, ದೀಪ, ಜೊತೆಗೆ ಕುಣಿಯುವವನು ಎಲ್ಲ ಇರುವುದು ಅವಳ ತಲೆಯೊಳಗೆ. ಹೊರಗಿನವರು ನೋಡುವುದು ಕೂದಲು ಕೆದರಿದ ಒಬ್ಬ ಹೆಂಗಸನ್ನು. ಹಾಗಾಗಿ ಅವಳು ನಿಜಕ್ಕೂ ಎಷ್ಟು ಚಂದ ಕುಣಿದಳು ಅಂತ ನಾವು ಆಣೆ ಮಾಡಿ ಹೇಳುವ ಹಾಗಿಲ್ಲ.

ಈಗ ಸ್ವಲ್ಪ ದೊಡ್ಡ ತೂತು. ನಕುಲ.

ಈ ಮನುಷ್ಯನನ್ನು ಏನು ಮಾಡುವುದು ಹೇಳಿ. ರಾತ್ರಿ ಹೆಂಡತಿ ಪಕ್ಕದಿಂದ ಎದ್ದು ಹೋಗುತ್ತಾಳೆ. ತೆಕ್ಕಿನಿಯಿಂದ ಹಾಡು, ಗೆಜ್ಜೆ. ಊರಿಗೆಲ್ಲ ಕೇಳುತ್ತದೆ, ಪಕ್ಕದಲ್ಲಿ ಮಲಗಿದವನಿಗೆ ಕೇಳುವುದಿಲ್ಲ. ಹೊರಗಿನಿಂದ ಬಂದ ಸನ್ನಿಗೆ ಗೊತ್ತಾಗುತ್ತದೆ, ತಾಳಿ ಕಟ್ಟಿದವನಿಗೆ ಇಲ್ಲ. ನಮ್ಮವರು ಇದನ್ನು ಶುದ್ಧ ಕತೆಯ ತಪ್ಪು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೆಲಸ, ಫೈಲು, ಫೋನು ಅಂತ ಮುಳುಗಿದ ಗಂಡಸಿಗೆ ಹೆಂಡತಿ ರಾತ್ರಿ ಎದ್ದದ್ದು ಗೊತ್ತಾಗುವುದಿಲ್ಲ ಎನ್ನುವುದನ್ನು ನಂಬಲಿಕ್ಕೆ ನನಗೇನೂ ಕಷ್ಟ ಇಲ್ಲ. (ಇದನ್ನು ಓದಿ ಇವರು ಏನಾದರೂ ಹೇಳಿದರೆ ಇನ್ನೊಂದು ಪೋಸ್ಟ್ ಹಾಕುತ್ತೇನೆ.) ಆದರೆ ಅದೇ ನಕುಲ, ಈಗ ಎದುರು ಮನೆಯಲ್ಲಿರುವ ಮಹಾದೇವನ ಹತ್ತಿರ ಗಂಗೆಯನ್ನು ಕಂಡ ಕೂಡಲೇ ಏನಾಯಿತು ಅಂತ ಕೇಳದೆ ಆ ಹುಡುಗನ ಮೇಲೆ ಬೀಳುತ್ತಾನೆ. ಅಂದರೆ ನೋಡುವ ಕಣ್ಣು ಇಲ್ಲದವನಲ್ಲ. ಬೇಕಾದ್ದನ್ನು ಮಾತ್ರ ನೋಡುವವನು. ಇದು ತೂತಲ್ಲ, ಗುಣ.

ಸನ್ನಿಯ ವಿಷಯಕ್ಕೆ ಬಂದರೆ ನನ್ನ ನಾದಿನಿ ಕೆರಳುತ್ತಾಳೆ. ಅವಳು ಮಂಗಳೂರಿನಲ್ಲಿ ಮನೋರೋಗದ ವಾರ್ಡಿನಲ್ಲಿ ನರ್ಸ್. "ಅತ್ತಿಗೆ, ಈ ಡಾಕ್ಟ್ರನ್ನು ನಮ್ಮ ವಾರ್ಡಿನ ಒಳಗೆ ಬಿಡುವುದೇ ಇಲ್ಲ" ಅನ್ನುತ್ತಾಳೆ. ಒಂದು, ರೋಗಿಯ ಒಪ್ಪಿಗೆ ಇಲ್ಲ. ಎರಡು, ಅವಳ ರೋಗವನ್ನು ಮನೆಯವರಿಗೆಲ್ಲ ಕೂರಿಸಿ ಹೇಳುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು, ಬೇಕೆಂದೇ ಅವಳನ್ನು ಕೆರಳಿಸುವುದು. ಒಡವೆ ತರಲಿಕ್ಕೆ ಹೊರಟವಳನ್ನು ಗಂಡ ಬೇಡ ಅಂದು ತಡೆಯುತ್ತಾನಲ್ಲ, ಅವಳು ಒಂದೇ ಕೈಯಲ್ಲಿ ಮಂಚ ಎತ್ತುತ್ತಾಳಲ್ಲ, ಅದು ಇಡೀ ಚಿತ್ರದಲ್ಲೇ ಎದೆ ನಡುಗಿಸುವ ದೃಶ್ಯ, ಒಪ್ಪಿದೆ, ಆದರೆ ಗಂಡನಿಗೆ ರೋಗ ನಂಬಿಸುವುದಕ್ಕಾಗಿ ರೋಗಿಯನ್ನು ಹಾಗೆ ಆಡಿಸುವುದು ಯಾವ ವೈದ್ಯ? ಮಂಚ ಗಂಡನ ತಲೆ ಮೇಲೆ ಬಿದ್ದಿದ್ದರೆ?

ಮತ್ತೆ ಆ ಕೊನೆ. ದುರ್ಗಾಷ್ಟಮಿ ರಾತ್ರಿ ನಾಗವಲ್ಲಿಯ ಕೈಗೆ ಕತ್ತಿ. ಹಲಗೆಯ ಮೇಲೆ ನಕುಲ. ಹೊಗೆ, ಗದ್ದಲ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹಲಗೆ ಮಗುಚಿ ಗೊಂಬೆ ಮೇಲೆ ಬರುತ್ತದೆ. ಅವಳು ಗೊಂಬೆಯನ್ನು ಕಡಿದು ತೃಪ್ತಿಯಾಗಿ ಹೋಗುತ್ತಾಳೆ. ಗಂಗೆ ಎದ್ದು ಕೂರುತ್ತಾಳೆ. ಒಂದೇ ಏಟಿಗೆ ಗುಣ!

ನಾದಿನಿ ಹೇಳುವ ಪ್ರಕಾರ ಇದಕ್ಕೆ ಇರುವುದು ಮಾತಿನ ಚಿಕಿತ್ಸೆ, ಅದೂ ಬಹಳ ಕಾಲ ಹಿಡಿಯುವಂಥದ್ದು. ಈ ಕಾಯಿಲೆಯ ಹೆಸರೂ ಆಗ ಬದಲಾಗುತ್ತಿತ್ತು. ಚಿತ್ರ ಬಂದ ಮರುವರ್ಷವೇ, 1994ರಲ್ಲಿ, ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಮಲ್ಟಿಪಲ್ ಪರ್ಸನಾಲಿಟಿ ಎಂಬ ಹೆಸರನ್ನು ತೆಗೆದು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ ಇಟ್ಟರು. 2013ರ ಆವೃತ್ತಿಯಲ್ಲಿ ಇನ್ನೊಂದು ಮಾತು ಸೇರಿಸಿದರು: ಕೆಲವು ಕಡೆಯ ಜನ ಇದನ್ನೇ ಮೈಮೇಲೆ ಬರುವುದು ಅಂತ ಹೇಳಬಹುದು ಅಂತ. ಅದನ್ನು ಓದಿ ನನಗೆ ನಗು ಬಂತು. ಕೆಲವು ಕಡೆ ಅಂದರೆ ನಮ್ಮ ಊರೇ ಅಲ್ವಾ!

ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಒಬ್ಬರ ಮೈಮೇಲೆ ಇನ್ನೊಬ್ಬರು ಬರುವುದು ದೊಡ್ಡ ಸುದ್ದಿಯೇ ಅಲ್ಲ. ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ಹೊತ್ತಿನವರೆಗೆ, ಒಂದು ಕಡೆ ಭೂತಕೋಲ, ಇನ್ನೊಂದು ಕಡೆ ತೆಯ್ಯಂ. ಬೆಳಗ್ಗೆ ಅಂಗಡಿ ಎದುರು ಕಂಡ ಮನುಷ್ಯ ರಾತ್ರಿ ದೈವವಾಗಿ ಗುತ್ತಿನ ಯಜಮಾನನನ್ನೇ ಎದುರು ನಿಲ್ಲಿಸಿ ಗದರುತ್ತಾನೆ, ಮರುದಿನ ಪುನಃ ಅದೇ ಅಂಗಡಿ ಎದುರು ಬೀಡಿ ಎಳೆಯುತ್ತಾ ನಿಂತಿರುತ್ತಾನೆ. ಯಾರೂ ಅವನಿಗೆ ಕಾಯಿಲೆ ಅನ್ನುವುದಿಲ್ಲ. ಕಾಯಿಲೆಯೂ ಅಲ್ಲ ಅದು. ಅದಕ್ಕೆ ಹೊತ್ತು ಉಂಟು, ಜಾಗ ಉಂಟು, ಬರಿಸುವ ಕ್ರಮ ಉಂಟು, ಕಳಿಸುವ ಕ್ರಮ ಉಂಟು, ಮಾತಾಡಿಸುವವರು ಉಂಟು. ಹಾಗಾಗಿ ಈ ಚಿತ್ರ ನೋಡುವಾಗ ನಮ್ಮ ಅಜ್ಜಿಯಂದಿರಿಗೆ ಗಂಗೆ ನಾಗವಲ್ಲಿಯಾದದ್ದು ವಿಚಿತ್ರ ಅನ್ನಿಸಲೇ ಇಲ್ಲ. ಅವರಿಗೆ ವಿಚಿತ್ರ ಅನ್ನಿಸಿದ್ದು ಬೇರೆ. "ಇಷ್ಟೆಲ್ಲ ಆದರೂ ಮನೆಯವರು ಯಾರೂ ಅದರ ಹತ್ತಿರ ನೀನು ಯಾರು, ನಿನಗೆ ಎಂತ ಬೇಕು ಅಂತ ಕೇಳಲೇ ಇಲ್ಲವಲ್ಲ!" ಅಂತ. ಸರಿಯೇ ಅಲ್ವಾ? ನಮ್ಮ ಕಡೆ ಮನೆಯಲ್ಲಿ ಪಾತ್ರೆ ಬಿದ್ದು ಒಡೆದರೆ ಜೋಯಿಸರ ಹತ್ತಿರ ಓಡುತ್ತಾರೆ, ಕವಡೆ ಇಡಿಸುತ್ತಾರೆ, ದೊಡ್ಡ ತೊಂದರೆಯಾದರೆ ಅಷ್ಟಮಂಗಲ ಪ್ರಶ್ನೆ. ಮಾಡಂಬಳ್ಳಿಯವರು ತಂತ್ರಿ ಬ್ರಹ್ಮದತ್ತನ್ ನಂಬೂದಿರಿಪಾಡರು ಬರುವ ತನಕ ಬರೀ ಹೆದರುತ್ತಾ ಕೂತಿದ್ದಾರೆ.

ಆ ನಂಬೂದಿರಿ ಬಂದ ಮೇಲೆ ಚಿತ್ರ ನನಗೆ ತುಂಬ ಇಷ್ಟವಾಗುವುದು. ತಂತ್ರಿಯೂ ಡಾಕ್ಟರೂ ಕಿತ್ತಾಡುತ್ತಾರೆ ಅಂತ ನಾವು ಕಾಯುತ್ತೇವೆ. ಅವರು ಮೊದಲೇ ಪರಿಚಯದವರು. ಇಬ್ಬರೂ ಸೇರಿ ಕೆಲಸ ಮಾಡುತ್ತಾರೆ. ಸರಿಯಾಗಿ ನೋಡಿದರೆ ಕೊನೆಗೆ ನಡೆಯುವ ಚಿಕಿತ್ಸೆ ಡಾಕ್ಟರದ್ದಲ್ಲ. ಬಂದವಳಿಗೆ ಏನು ಬೇಕೋ ಅದನ್ನು ಕೊಟ್ಟು ಕಳಿಸುವುದು, ಅದು ತಂತ್ರಿಯ ಲೆಕ್ಕ. ರೋಗ ಗುರುತಿಸಿದ್ದು ಅಮೆರಿಕ, ಬಿಡಿಸಿದ್ದು ಮಾಂತ್ರಿಕ. ಸನ್ನಿ ಎಷ್ಟೇ ವಿಜ್ಞಾನ ಮಾತಾಡಲಿ, ಆ ಹಲಗೆ ಮಗುಚುವುದು ಉಚ್ಚಾಟನೆಯೇ. ಬುದ್ಧಿವಂತಿಕೆಯೋ ಎರಡೂ ಕಡೆಯವರನ್ನು ಖುಷಿ ಮಾಡುವ ಉಪಾಯವೋ ಅಂತ ಕೇಳಿದರೆ, ಎರಡೂ. ಹಾಗಾಗಿ ಅದನ್ನೂ ನಾನು ತೂತು ಅಂತ ಬರೆದುಕೊಳ್ಳುವುದಿಲ್ಲ.

ಹಾಗಾದರೆ ನಿಜವಾದ ತೂತು ಯಾವುದು?

ಶ್ರೀದೇವಿ. ಅಲ್ಲಿಗೇ ಬರಬೇಕು ಅಂತ ಇಷ್ಟು ಸುತ್ತಿದ್ದು.

ಚಿತ್ರ ಹೇಳುವ ಲೆಕ್ಕ ಹೀಗೆ. ಗಂಗೆಯ ಒಳಗೆ ಇಬ್ಬರು. ಒಬ್ಬಳು ಗಂಗೆ. ಅವಳಿಗೆ ಏನೂ ಗೊತ್ತಿಲ್ಲ, ಪಾಪದವಳು. ಇನ್ನೊಬ್ಬಳು ನಾಗವಲ್ಲಿ. ಅವಳಿಗೆ ಇರುವುದು ಎರಡೇ ಆಸೆ. ರಾಮನಾಥ ಬೇಕು, ಶಂಕರನ್ ತಂಬಿ ಸಾಯಬೇಕು. ಅವಳ ಕಣ್ಣಿಗೆ ಎದುರು ಮನೆಯ ಮಹಾದೇವನೇ ರಾಮನಾಥ, ಗಂಡ ನಕುಲನೇ ತಂಬಿ. ಒಳ್ಳೇದು. ನಕುಲನನ್ನು ಕೊಲ್ಲಲಿಕ್ಕೆ ನೋಡಿದ್ದು ಈ ಲೆಕ್ಕಕ್ಕೆ ಕೂಡುತ್ತದೆ. ಮಹಾದೇವನ ಹಿಂದೆ ಹೋದದ್ದೂ ಕೂಡುತ್ತದೆ. ರಾತ್ರಿ ಹಾಡಿದ್ದು, ಕುಣಿದದ್ದು, ಎಲ್ಲ ಸರಿ.

ಆದರೆ ಗಂಗೆಯ ಸೀರೆಗೆ ಬೆಂಕಿ ಬಿತ್ತಲ್ಲ? ಅದು ಯಾರ ಕೆಲಸ? ಅವಳೇ ಹಚ್ಚಿಕೊಂಡದ್ದು. ಯಾಕೆ? ತಂಬಿಗೆ ಅದರಿಂದ ಏನೂ ಆಗುವುದಿಲ್ಲ. ರಾಮನಾಥನೂ ಸಿಗುವುದಿಲ್ಲ. ಅದರಿಂದ ಆದದ್ದು ಒಂದೇ: ಮನೆಯವರ ಕಣ್ಣು ಶ್ರೀದೇವಿಯ ಕಡೆ ತಿರುಗಿತು. ಆ ಹೊತ್ತಿಗೆ ಆ ಅನುಮಾನ ಯಾರಿಗೆ ಬೇಕಿತ್ತು?

ನಾಗವಲ್ಲಿಗೆ ಬೇಡ. ತಂಜಾವೂರಿನ ನರ್ತಕಿಗೆ ಈ ಕಾಲದ ಶ್ರೀದೇವಿ ಯಾರು ಅಂತ ಗೊತ್ತೇ ಇಲ್ಲ, ಗೊತ್ತಿದ್ದರೂ ಅವಳ ಹತ್ತಿರ ಹಗೆ ಯಾಕೆ? ಸಿಕ್ಕಿಬೀಳಬಾರದು ಅಂತ ಅಂದುಕೊಳ್ಳಬಹುದು. ಆದರೆ ಗೆಜ್ಜೆ ಕಟ್ಟಿ ಊರಿಗೆಲ್ಲ ಕೇಳುವ ಹಾಗೆ ಹಾಡುವವಳಿಗೆ ಸಿಕ್ಕಿಬೀಳುವ ಹೆದರಿಕೆ ಎಂಥದ್ದು? ಅವಳಿಗೆ ಅಡಗಿ ಕೂರುವ ಬುದ್ಧಿಯೇ ಇಲ್ಲ. ನೇರವಾಗಿ ಕತ್ತಿ ಎತ್ತುವವಳು ಅವಳು.

ಹಾಗಾದರೆ ಗಂಗೆ? ಗಂಗೆಗೆ ಏನೂ ಗೊತ್ತಿಲ್ಲ ಅಂತ ಚಿತ್ರವೇ ಹೇಳುತ್ತದೆ. ನಾವೂ ನಂಬುತ್ತೇವೆ, ಶೋಭನಾಳ ಮುಖ ಹಾಗೆ ನಂಬಿಸುತ್ತದೆ.

ಅಂದಮೇಲೆ ಮೂರನೆಯವಳು ಒಬ್ಬಳು ಇರಲೇಬೇಕು.

ಅವಳು ಯಾರು ಅಂತ ಗೊತ್ತಾಗಬೇಕಾದರೆ ಶ್ರೀದೇವಿ ಯಾರು ಅಂತ ನೋಡಿ. ಒಂದು ಕಾಲದಲ್ಲಿ ನಕುಲನಿಗೆ ಅಂತ ಅಂದುಕೊಂಡಿದ್ದ ಹುಡುಗಿ. ಆ ಮದುವೆ ನಡೆಯಲಿಲ್ಲ. ಅವಳ ಜಾತಕದಲ್ಲಿ ಕುಜದೋಷ. ಬೇರೆ ಕಡೆ ಮಾಡಿದ ಮದುವೆಯೂ ನಿಲ್ಲಲಿಲ್ಲ, ತವರಿಗೆ ಬಂದು ಕೂತಿದ್ದಾಳೆ. ಚಂದ ಇದ್ದಾಳೆ, ಮೆತ್ತಗೆ ಮಾತಾಡುತ್ತಾಳೆ, ಮನೆಯ ಮೂಲೆ ಮೂಲೆಯೂ ಗೊತ್ತು. ಈ ಮನೆಗೆ ಕಲ್ಕತ್ತದಿಂದ ಸೊಸೆಯೊಬ್ಬಳು ಬರುತ್ತಾಳೆ. ನನ್ನ ಗಂಡನಿಗೆ ಮೊದಲು ಇವಳನ್ನು ಕೇಳಿದ್ದರು ಎಂಬ ಸುದ್ದಿ ಅವಳ ಕಿವಿಗೆ ಬೀಳದೆ ಇರುತ್ತದಾ? ನೀವೇ ಹೇಳಿ. ಅಷ್ಟು ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರು ಇರುವ ಮನೆಯಲ್ಲಿ? ನಾನು ಮದುವೆಯಾಗಿ ಈ ಮನೆಗೆ ಬಂದಾಗ ಇವರಿಗೆ ಮೊದಲು ನೋಡಿದ್ದ ಹುಡುಗಿಯ ಹೆಸರು, ಊರು, ಅವಳ ಅಪ್ಪನಿಗೆ ಎಷ್ಟು ಅಡಿಕೆ ಆಗುತ್ತದೆ ಎಂಬುದು ಕೂಡ ನನಗೆ ತಿಳಿಸಿದ್ದರು. ನಾನು ಕೇಳಿರಲಿಲ್ಲ.

ಗಂಗೆ ಚಿತ್ರದಲ್ಲಿ ಒಂದೇ ಒಂದು ಸಲ ಶ್ರೀದೇವಿಯ ಮೇಲೆ ಮುಖ ಗಂಟು ಹಾಕುವುದಿಲ್ಲ. ಒಂದು ಕೆಟ್ಟ ಮಾತಿಲ್ಲ. ಎಲ್ಲರ ಹತ್ತಿರವೂ ನಗು. ಬಾಲ್ಯದಲ್ಲಿ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಅಪ್ಪ ಅಮ್ಮ ಕಲ್ಕತ್ತದಲ್ಲಿದ್ದರು, ಆಮೇಲೆ ಅಜ್ಜಿಯಿಂದ ಕಿತ್ತು ಕರೆದುಕೊಂಡು ಹೋದರು, ಅಲ್ಲೇ ಮನಸ್ಸು ಮೊದಲು ಮುರಿದದ್ದು ಅಂತ ಸನ್ನಿ ಹೇಳುತ್ತಾನೆ. ಅಂಥ ಹುಡುಗಿ ಏನು ಕಲಿತಿರುತ್ತಾಳೆ? ನನ್ನವರು ಅಂದುಕೊಂಡವರನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು ಅಂತ. ಹೊರಗೆ ನಗುತ್ತಾ ಇದ್ದರೆ ಮಾತ್ರ ಇಟ್ಟುಕೊಳ್ಳುತ್ತಾರೆ ಅಂತ. ಅವಳ ಒಳಗೆ ಹೊಟ್ಟೆಕಿಚ್ಚು ಇರಬಾರದಾ? ಇದ್ದರೆ ಅದನ್ನು ಅವಳು ಎಲ್ಲಿ ಇಡುತ್ತಾಳೆ?

ನನ್ನ ಪ್ರಕಾರ ಸೀರೆಗೆ ಬೆಂಕಿ ಹಚ್ಚಿದವಳು ನಾಗವಲ್ಲಿ ಅಲ್ಲ. ಗಂಗೆಯೊಳಗಿನ ಸೊಸೆ. ಅವಳಿಗೆ ತಮಿಳು ಬೇಡ, ಗೆಜ್ಜೆ ಬೇಡ, ಹಳೇ ಕತೆ ಬೇಡ. ಅವಳು ಹಗಲಲ್ಲೇ ಕೆಲಸ ಮಾಡುತ್ತಾಳೆ. ಸನ್ನಿ ಎಷ್ಟು ಹುಡುಕಿದರೂ ಅವಳನ್ನು ಬೇರೆ ಅಂತ ಗುರುತಿಸಲೇ ಇಲ್ಲ, ಎಲ್ಲವನ್ನೂ ನಾಗವಲ್ಲಿಯ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಂಡ.

ಇನ್ನೊಂದು ವಿಷಯ. ಶೋಭನಾಗೆ ಈ ಚಿತ್ರದಲ್ಲಿ ಇಬ್ಬರ ಸ್ವರ. ಗಂಗೆಯ ಮಾತು ಭಾಗ್ಯಲಕ್ಷ್ಮಿಯದ್ದು. ನಾಗವಲ್ಲಿಯ ತಮಿಳಿಗೆ ದುರ್ಗಾ ಎಂಬ ಇನ್ನೊಬ್ಬ ಡಬ್ಬಿಂಗ್ ಕಲಾವಿದೆ. ತುಂಬ ವರ್ಷ ಜನರಿಗೆ ಇದು ಗೊತ್ತಿರಲಿಲ್ಲ, ಎರಡೂ ಭಾಗ್ಯಲಕ್ಷ್ಮಿಯದ್ದೇ ಅಂತ ತಿಳಿದಿದ್ದರು. ಈಗ ನನ್ನ ಲೆಕ್ಕ ಹಾಕಿ ನೋಡಿ. ಗಂಗೆಗೊಂದು ಸ್ವರ, ನಾಗವಲ್ಲಿಗೊಂದು ಸ್ವರ. ಮೂರನೆಯವಳು ಬಾಯಿಯೇ ಬಿಡುವುದಿಲ್ಲ. ಬಿಟ್ಟರೂ ಗಂಗೆಯ ಸ್ವರದಲ್ಲೇ ಬಿಡುತ್ತಾಳೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಬರೆದ ಮಧು ಮುಟ್ಟಂ ಹೀಗೇ ಯೋಚಿಸಿದ್ದರಾ? ಅದು ನನಗೆ ಮುಖ್ಯವಲ್ಲ. ಆದರೆ ಬೇಕೆಂದೇ ಇಟ್ಟದ್ದು ಅನ್ನಿಸುವ ಹಾಗೆ ಎಲ್ಲವೂ ಕೂತಿದೆ. ಕೂರದೇ ಇದ್ದರೆ ಹೇಗೆ ಕಾಣುತ್ತದೆ ಅಂತ ನೋಡಬೇಕಾದರೆ ಚಂದ್ರಮುಖಿ ನೋಡಿ. ಅಲ್ಲಿ ಗಂಡನಿಗೆ ಅಂತ ಮನೆಯವರು ನೋಡಿಟ್ಟ ಹುಡುಗಿ ಪ್ರಿಯಾ. ಅನುಮಾನ ಬೀಳುವುದು ಮಾತ್ರ ದುರ್ಗಾ ಮೇಲೆ, ಅವಳು ತೋಟ ನೋಡಿಕೊಳ್ಳುವವರ ಮೊಮ್ಮಗಳು. ಎರಡೂ ಬೇರೆ ಬೇರೆ ಆಗಿಬಿಟ್ಟಿತು. ದುರ್ಗಾ ಮೇಲೆ ಅಲ್ಲಿನ ಗಂಗೆಗೆ ಸಿಟ್ಟು ಬರಲಿಕ್ಕೆ ಕಾರಣವೇ ಇಲ್ಲ. ನೋಡುವವರನ್ನು ದಾರಿ ತಪ್ಪಿಸಲಿಕ್ಕೆ ಅಂತ ಒಬ್ಬಳು ಬೇಕಿತ್ತು, ಇಟ್ಟರು. ಅಲ್ಲಿ ಅದು ಬರೀ ತೂತು. ಜೊತೆಗೆ ಆ ಹಾವು ಬೇರೆ. ಆಪ್ತಮಿತ್ರದಲ್ಲೂ ಉಂಟು ಆ ದೊಡ್ಡ ಹಾವು. ಯಾಕೆ ಬಂತು, 'ಇಲ್ಲಿ ಪ್ರೇತ ಇಲ್ಲ, ಎಲ್ಲ ಮನಸ್ಸಿನ ಕಾಯಿಲೆ' ಅಂತ ಹೇಳುವ ಕತೆಯಲ್ಲಿ ಅದಕ್ಕೆ ಏನು ಕೆಲಸ ಅಂತ ಕೇಳಿದರೆ ನಮ್ಮವರು, "ಹಾವು ಇರಲಿ ಬಿಡು, ವಿಷ್ಣು ಹೌಲಾ ಹೌಲಾ ಅಂದದ್ದು ಸಾಕು" ಅನ್ನುತ್ತಾರೆ. ಆ ಹೌಲಾ ಹೌಲಾ ನನಗೂ ಇಷ್ಟವೇ. ಆದರೆ ತಂಬಿಯ ಬದಲಿಗೆ ಬರುವ ರಾಜನ ವೇಷವನ್ನೂ ಡಾಕ್ಟರಾದ ನಾಯಕನೇ ಹಾಕಿದ ಮೇಲೆ ಕಣ್ಣು ಪೂರ್ತಿ ಅವನ ಮೇಲೆ. ಗಂಡ ಹೆಂಡತಿಯ ನಡುವೆ ಇದ್ದ ಕತೆ ಡಾಕ್ಟರ್ ಮತ್ತು ಪ್ರೇತದ ನಡುವಿನ ಕತೆ ಆಗಿಬಿಡುತ್ತದೆ. ಮೂಲದಲ್ಲಿ ತಂಬಿಯ ವೇಷವನ್ನು ನಾಯಕ ಹಾಕುವುದಿಲ್ಲ. ಹಾಗಾಗಿಯೇ ನಾಗವಲ್ಲಿ ಗಂಡನನ್ನು ತಂಬಿ ಅಂತ ನೋಡುವಾಗ ನಮಗೂ ಒಂದು ಕ್ಷಣ, ಹೌದಲ್ಲ, ಈ ಗಂಡನಲ್ಲೂ ಸ್ವಲ್ಪ ತಂಬಿ ಇದ್ದಾನಲ್ಲ ಅನ್ನಿಸುತ್ತದೆ.

ನನ್ನ ಈ ಮೂರನೆಯವಳ ಲೆಕ್ಕ ಕೇಳಿ ಇವರು ಸುಮ್ಮನಿರಲಿಲ್ಲ. "ಹಾಗಾದರೆ ಗಂಗೆಗೆ ಕಾಯಿಲೆಯೇ ಇಲ್ಲ, ನಾಟಕ ಮಾಡಿದಳು ಅಂತಲಾ ನೀನು ಹೇಳುವುದು?" ಅಂತ ಕೇಳಿದರು. ಅಲ್ಲ. ಕಾಯಿಲೆ ನಿಜ. ಬೆಂಕಿ ಹಚ್ಚಿದ ಕೈಯ ಸುದ್ದಿ ಗಂಗೆಗೆ ಗೊತ್ತಿಲ್ಲ ಎನ್ನುವುದೂ ನಿಜ. ಮನಸ್ಸು ಒಡೆಯುವಾಗ ಸಮ ಎರಡೇ ಹೋಳಾಗಬೇಕು ಅಂತ ಎಲ್ಲಿ ಬರೆದಿದೆ? ನಾದಿನಿಯನ್ನು ಕೇಳಿದೆ. "ಎರಡಕ್ಕಿಂತ ಜಾಸ್ತಿ ಆಗುವುದು ಉಂಟು ಅತ್ತಿಗೆ" ಅಂದಳು. ಅಷ್ಟು ಸಾಕು ನನಗೆ.

ಆದರೆ ಇವರು ಕೇಳಿದ ಎರಡನೇ ಪ್ರಶ್ನೆ ಗಟ್ಟಿ ಇತ್ತು. ಮೂರನೆಯವಳು ಇದ್ದದ್ದೇ ಹೌದಾದರೆ ಗೊಂಬೆ ಕಡಿದದ್ದರಿಂದ ಅವಳು ಹೋಗುವುದಿಲ್ಲವಲ್ಲ? ನಾಗವಲ್ಲಿಗೆ ತಂಬಿಯ ತಲೆ ಸಿಕ್ಕಿತು, ಹೋದಳು. ಸೊಸೆಗೆ ಏನು ಸಿಕ್ಕಿತು? ಕಲ್ಕತ್ತಕ್ಕೆ ಹೋದ ಮೇಲೆ ಪುನಃ ಸೀರೆ ಹೊತ್ತಿಕೊಳ್ಳಬೇಕಿತ್ತು.

ಇದಕ್ಕೆ ಎರಡು ದಿನ ತಲೆ ಕೆರೆದುಕೊಂಡೆ. ಉತ್ತರ ಚಿತ್ರದ ಕೊನೆಯ ನಿಮಿಷಗಳಲ್ಲೇ ಇದೆ. ಎಲ್ಲ ಮುಗಿದು ಹೊರಡುವಾಗ ಸನ್ನಿ ಶ್ರೀದೇವಿಯ ಹತ್ತಿರ ಮದುವೆಯ ಮಾತೆತ್ತುತ್ತಾನೆ. ಮನೆಯವರನ್ನು ಕರೆದುಕೊಂಡು ಬರುತ್ತೇನೆ ಅನ್ನುತ್ತಾನೆ. ಥಿಯೇಟರಿನಲ್ಲಿ ಜನ ನಗುತ್ತಾರೆ, ಲಘುವಾಗಿ ಮುಗಿಸಲಿಕ್ಕೆ ಅಂತ ಇಟ್ಟ ದೃಶ್ಯ ಅನ್ನಿಸುತ್ತದೆ. ನನಗೂ ಬಹಳ ಕಾಲ ಅದು ಸಿಟ್ಟು ತರಿಸುವ ದೃಶ್ಯವಾಗಿತ್ತು. ಇಷ್ಟು ದಿನ ಇವಳಿಗೇ ಹುಚ್ಚು ಅಂತ ಮನೆಯವರು ನಂಬುವ ಹಾಗೆ ಬಿಟ್ಟು, ಆ ಅನುಮಾನದ ಮರೆಯಲ್ಲಿ ತನ್ನ ಕೆಲಸ ಮಾಡಿಕೊಂಡ ಮನುಷ್ಯ, ಈಗ ಮದುವೆ ಆಗುತ್ತೇನೆ ಅನ್ನುತ್ತಾನಲ್ಲ, ಇವಳು ಒಂದು ಮಾತು ಬೈಯಬಾರದಾ ಅಂತ. ಅದೂ ಅವನು ಕ್ರಿಶ್ಚಿಯನ್, ಇವಳು ಕಟ್ಟುನಿಟ್ಟಿನ ತರವಾಡಿನ ಹುಡುಗಿ, 1993ರಲ್ಲಿ ಅಷ್ಟು ಸುಲಭವಾಗಿ ಯಾರು ಒಪ್ಪುತ್ತಾರೆ?

ಆದರೆ ಮೂರನೆಯವಳನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ ಆ ದೃಶ್ಯ ಪೂರ್ತಿ ಬೇರೆ. ಶ್ರೀದೇವಿಗೆ ಮದುವೆಯಾದರೆ ಸೊಸೆಗೆ ಹೆದರಿಕೆ ಇಲ್ಲ. ಗಂಡನಿಗೆ ಮೊದಲು ನೋಡಿದ್ದ ಹುಡುಗಿ ಮನೆಯಿಂದಲೇ ಹೋಗುತ್ತಾಳೆ, ಅದೂ ಒಳ್ಳೇ ಕಡೆಗೆ, ಯಾರೂ ಪಾಪ ಅನ್ನುವ ಹಾಗೂ ಇಲ್ಲ. ಗೊಂಬೆ ಕಡಿದದ್ದು ನಾಗವಲ್ಲಿಗೆ ಮದ್ದು. ಈ ಮದುವೆಯ ಮಾತು ಮೂರನೆಯವಳಿಗೆ ಮದ್ದು. ಡಾಕ್ಟರಿಗೆ ಗೊತ್ತಿದ್ದು ಕೊಟ್ಟನೋ ಗೊತ್ತಿಲ್ಲದೆ ಕೊಟ್ಟನೋ, ಕೊಟ್ಟ.

ಇದನ್ನು ಹೇಳಿದಾಗ ಇವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಸರಿ, ಹಾಗಾದರೆ ಸನ್ನಿಗೆ ಫೀಸು ಕೊಡಬೇಕಾದವರು ಯಾರು? ನಕುಲನಾ, ಮನೆಯ ಹಿರಿಯರಾ?" ಅಂದರು.

"ಫೀಸು ಸಿಗಬೇಕಾದ್ದು ಶ್ರೀದೇವಿಗೆ" ಅಂದೆ.